ಕಹಿನೀರು, ಹುಳಿತೇಗು ಮತ್ತು ಎರಡು ತೂಬುಗಳು

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 49 ವರ್ಷ. ನಮ್ಮದು ಮೂರು ಎಕರೆ ಕಾಫಿ, ಅದರೊಳಗೆ ಒಂದಿಷ್ಟು ಮೆಣಸು. ಎರಡು ವರ್ಷದ ಹಿಂದೆ ಪಿತ್ತಕೋಶದಲ್ಲಿ ಕಲ್ಲು ಎಂದು ಲ್ಯಾಪರೋಸ್ಕೋಪಿ ಮಾಡಿ ಕೋಶವನ್ನೇ ತೆಗೆದರು. ಆರು ತಿಂಗಳು ಚೆನ್ನಾಗಿದ್ದೆ. ಆಮೇಲೆ ಶುರುವಾಯಿತು ನೋಡಿ, ಬೆಳಗ್ಗೆ ಎದ್ದರೆ ಬಾಯಿ ಬೇವಿನ ಸೊಪ್ಪು ಜಗಿದಷ್ಟು ಕಹಿ. ಎದೆಗೂಡಿನ ಕೆಳಗೆ ಕೆಂಡವಿಟ್ಟಂತೆ ಉರಿ. ತಿಂಗಳಿಗೆ ಎರಡು ಮೂರು ಸಲ ಹಳದಿ-ಹಸಿರು ನೀರು ವಾಂತಿ. ಕಣದಲ್ಲಿ ಬಗ್ಗಿ ಕಾಫಿ ಹರಡುವಾಗ ಗಂಟಲಿಗೆ ಹುಳಿನೀರು ನುಗ್ಗುವುದು ಬೇರೆ. ಮೈದುನ ತಂದುಕೊಟ್ಟ ಗ್ಯಾಸ್ಟ್ರಿಕ್ ಮಾತ್ರೆಯನ್ನು (ಪ್ಯಾಂಟೊಪ್ರಜೋಲ್ 40) ಎಂಟು ತಿಂಗಳಿಂದ ತಿಂಡಿಯಾದ ಮೇಲೆ ನುಂಗುತ್ತಿದ್ದೇನೆ. ಎದೆಯುರಿ ತಗ್ಗಿತು, ಹೊಟ್ಟೆಯ ಉರಿಯೂ ಕಹಿಯೂ ಹೋಗಲಿಲ್ಲ. ಎಂಡೋಸ್ಕೋಪಿ ಮಾಡಿಸಿದೆವು. ವರದಿಯಲ್ಲಿ ‘ಬೈಲ್ ರಿಫ್ಲಕ್ಸ್ ಗ್ಯಾಸ್ಟ್ರೈಟಿಸ್’ ಎಂದಿದೆ. ಹಾಗೆಂದರೇನು ಎಂದು ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕೂಗಿಬಿಟ್ಟರು. ಮಗ ಬೆಂಗಳೂರಿನಿಂದ ಫೋನ್ ಮಾಡಿ, ‘ಅಮ್ಮಾ, ನಿನಗಿರುವುದು ಅಸಿಡಿಟಿ ಅಲ್ಲ, ಬೈಲ್. ಆ ಮಾತ್ರೆ ಎಸೆ’ ಎನ್ನುತ್ತಾನೆ. ಅತ್ತೆಯವರು, ‘ಪಿತ್ತದ ಚೀಲವನ್ನೇ ಕಿತ್ತುಹಾಕಿದ ಮೇಲೆ ಇವಳಿಗೆ ಪಿತ್ತ ಎಲ್ಲಿಂದ ಬರಬೇಕು’ ಎನ್ನುತ್ತಾರೆ. ಇವರಲ್ಲಿ ಯಾರ ಮಾತು ಸರಿ? ಅಂದಹಾಗೆ ಮಂಡಿನೋವಿಗೂ ಆಗಾಗ ಮಾತ್ರೆ ತೆಗೆದುಕೊಳ್ಳುತ್ತೇನೆ, ಅದೇನು ದೊಡ್ಡ ವಿಷಯವಲ್ಲ.

– ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ಅತ್ತೆಯವರ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ಮಗ ಕೊಟ್ಟ ಉತ್ತರಕ್ಕಿಂತ ಅವರು ಕೇಳಿದ ಪ್ರಶ್ನೆಗೆ ತೂಕ ಹೆಚ್ಚು.

ಪಿತ್ತ, ಅಂದರೆ ನಿಮ್ಮ ವರದಿಯಲ್ಲಿರುವ ಬೈಲ್, ಹುಟ್ಟುವುದು ಪಿತ್ತಕೋಶದಲ್ಲಲ್ಲ, ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ. ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಅದು ಪಿತ್ತರಸವನ್ನು ಸ್ರವಿಸುತ್ತಲೇ ಇರುತ್ತದೆ. ಪಿತ್ತಕೋಶ ಬರೀ ಪಕ್ಕದ ತೊಟ್ಟಿ. ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ, ಆದರೆ ನೀರಿನಂಶವನ್ನು ಹೀರಿ ಪಿತ್ತವನ್ನು ಗಟ್ಟಿಮಾಡಿ ಇಟ್ಟುಕೊಳ್ಳುತ್ತದೆ. ನೀವು ಜಿಡ್ಡಿನ ಊಟ ಮಾಡಿದಾಗ ಹಿಂಡಿ ಕರುಳಿಗೆ ಬಿಡುತ್ತದೆ. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕಲ್ಲ ಎಂದು ತೋಟದವರು ಕೆರೆಯಲ್ಲಿ ನೀರು ಕೂಡಿಟ್ಟುಕೊಳ್ಳುವುದಿಲ್ಲವೇ, ಅದೇ ಲೆಕ್ಕ. ಕೆರೆಯನ್ನು ಮುಚ್ಚಿಸಿದರೆ ಒರತೆ ನಿಲ್ಲುವುದಿಲ್ಲ, ನೀರು ಹಗಲೂ ರಾತ್ರಿ ಸಣ್ಣಗೆ ಹರಿಯುತ್ತಲೇ ಇರುತ್ತದೆ. ನಿಮ್ಮ ಹೊಟ್ಟೆಯಲ್ಲಿ ಈಗ ಆಗಿರುವುದೂ ಇಷ್ಟೇ. ಊಟವಿರಲಿ ಇಲ್ಲದಿರಲಿ, ಸಣ್ಣ ಕರುಳಿನ ತಲೆಭಾಗಕ್ಕೆ ಪಿತ್ತ ತೊಟ್ಟಿಕ್ಕುತ್ತಿದೆ. ಬಹುತೇಕ ಮಂದಿಗೆ ಇದರಿಂದ ಏನೂ ಆಗುವುದಿಲ್ಲ, ಪಿತ್ತಕೋಶವಿಲ್ಲದೆ ಹಾಯಾಗಿ ಬದುಕುತ್ತಾರೆ. ಕೆಲವರಲ್ಲಿ ಮಾತ್ರ ಆ ಪಿತ್ತ ಮುಂದಕ್ಕೆ ಹರಿಯುವ ಬದಲು ಹಿಂದಕ್ಕೆ ಮಗುಚುತ್ತದೆ.

ಎಲ್ಲಿಂದ ಎಲ್ಲಿಗೆ ಮಗುಚುತ್ತದೆ ಎನ್ನುವುದರಲ್ಲಿ ನಿಮ್ಮ ಪ್ರಶ್ನೆಗೆ ಉತ್ತರವಿದೆ. ನೀವು ನುಂಗಿದ ಅಕ್ಕಿರೊಟ್ಟಿ ಅನ್ನನಾಳದಲ್ಲಿ ಇಳಿದು ಜಠರಕ್ಕೆ ಬರುತ್ತದೆ, ಜಠರದಿಂದ ಸಣ್ಣ ಕರುಳಿಗೆ ಹೋಗುತ್ತದೆ. ಈ ದಾರಿಯಲ್ಲಿ ಎರಡು ತೂಬುಗಳಿವೆ. ಮೇಲಿನದು ಅನ್ನನಾಳ ಮತ್ತು ಜಠರ ಕೂಡುವಲ್ಲಿ. ಕೆಳಗಿನದು ಜಠರ ಮತ್ತು ಕರುಳು ಕೂಡುವಲ್ಲಿ. ಇದರ ಹೆಸರು ಪೈಲೋರಸ್. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಬಾಗಿಲು ಕಾಯುವವನು. ಬೇಲೂರು, ಹಳೇಬೀಡಿನಲ್ಲಿ ಅಷ್ಟೊಂದು ದ್ವಾರಪಾಲಕರನ್ನು ನೋಡಿಕೊಂಡು ಬೆಳೆದ ನಮಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ, ಕಡು ಹುಳಿ. ಅದು ಮೇಲಿನ ತೂಬನ್ನು ದಾಟಿ ಅನ್ನನಾಳಕ್ಕೆ ಏರಿದರೆ ಅಸಿಡ್ ರಿಫ್ಲಕ್ಸ್. ಆಮ್ಲವನ್ನು ತಡೆದುಕೊಳ್ಳಲು ಜಠರದ ಗೋಡೆಗೆ ಲೋಳೆಯ ಲೇಪವಿದೆ. ಅನ್ನನಾಳಕ್ಕೆ ಅಂಥ ಲೇಪವಿಲ್ಲ, ಆದ್ದರಿಂದ ಎದೆಮೂಳೆಯ ಹಿಂದೆ ಉರಿಯುತ್ತದೆ, ಹುಳಿತೇಗು ಬರುತ್ತದೆ, ಬಗ್ಗಿದರೆ, ಉಂಡ ಕೂಡಲೇ ಮಲಗಿದರೆ ಹೆಚ್ಚಾಗುತ್ತದೆ. ಪಿತ್ತದ ಗುಣವೇ ಬೇರೆ. ಅದು ಹುಳಿಯಲ್ಲ, ತುಸು ಕ್ಷಾರ. ಅದರ ಕೆಲಸ ಜಿಡ್ಡನ್ನು ಒಡೆಯುವುದು, ಸೀಗೆಪುಡಿ ತಲೆಯ ಎಣ್ಣೆಯನ್ನು ಬಿಡಿಸಿದ ಹಾಗೆ. ಕರುಳಿನಲ್ಲಿ ಅದು ಬೇಕೇ ಬೇಕು. ಅದೇ ಪಿತ್ತ ಕೆಳಗಿನ ತೂಬಿನಿಂದ ಹಿಂದಕ್ಕೆ ಸರಿದು ಜಠರದಲ್ಲಿ ನಿಂತರೆ ಆ ಲೋಳೆಯ ಲೇಪವನ್ನೇ ಸವೆಸುತ್ತದೆ. ಅದು ಬೈಲ್ ರಿಫ್ಲಕ್ಸ್. ಅದರಿಂದ ಜಠರದ ಒಳಪೊರೆಗೆ ಉರಿಯೂತವಾದರೆ ನಿಮ್ಮ ವರದಿಯಲ್ಲಿರುವ ‘ಗ್ಯಾಸ್ಟ್ರೈಟಿಸ್’. ಗಂಟಲಿಗೆ ಬರಬೇಕೆಂದೇನೂ ಇಲ್ಲ, ಜಠರದಲ್ಲಿಯೇ ಉಳಿದರೂ ಕಾಟ ಕೊಡುತ್ತದೆ. ಉರಿ ಎದೆಗಿಂತ ಹೊಟ್ಟೆಯ ಮೇಲ್ಭಾಗದಲ್ಲಿ ಹೆಚ್ಚು, ಜೊತೆಗೆ ವಾಕರಿಕೆ, ಕಹಿ, ಹಳದಿ-ಹಸಿರು ವಾಂತಿ. ಎರಡು ತೂಬುಗಳೂ ಸಡಿಲವಾಗಿದ್ದರೆ ಆಮ್ಲ, ಪಿತ್ತ ಎರಡೂ ಕೂಡಿಕೊಂಡು ಅನ್ನನಾಳಕ್ಕೆ ಏರುತ್ತವೆ. ಒಂದೊಂದೇ ಬಂದು ಮಾಡುವ ಹಾನಿಗಿಂತ ಜೊತೆಯಾಗಿ ಮಾಡುವ ಹಾನಿ ದೊಡ್ಡದು.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಬಗ್ಗಿದಾಗ ಬರುವ ಹುಳಿನೀರು ಮೇಲಿನ ತೂಬಿನ ದೂರು. ಮಾತ್ರೆಗೆ ತಗ್ಗಿದ್ದು ಅದೇ, ಯಾಕೆಂದರೆ ಪ್ಯಾಂಟೊಪ್ರಜೋಲ್ ಆಮ್ಲ ತಯಾರಾಗುವುದನ್ನು ಕಡಿಮೆ ಮಾಡುತ್ತದೆ. ಯಾವ ತೂಬನ್ನೂ ಅದು ಬಿಗಿ ಮಾಡುವುದಿಲ್ಲ, ಪಿತ್ತವನ್ನು ಒಂದು ಹನಿಯೂ ಕಡಿಮೆ ಮಾಡುವುದಿಲ್ಲ. ಮಾತ್ರೆಗೆ ಜಗ್ಗದ ಹೊಟ್ಟೆಯುರಿ ಕೆಳಗಿನ ತೂಬಿನದಿರಬಹುದು. ಅಂದರೆ ನಿಮ್ಮ ಮಗ ಅರ್ಧ ಸರಿ. ಬೈಲ್ ಇರಬಹುದು, ಆದರೆ ಅಸಿಡಿಟಿ ಅಲ್ಲವೇ ಅಲ್ಲ ಎನ್ನುವುದು ತಪ್ಪು, ಮಾತ್ರೆ ಎಸೆ ಎನ್ನುವುದು ಇನ್ನೂ ದೊಡ್ಡ ತಪ್ಪು. ಎಂಟು ತಿಂಗಳು ನುಂಗಿದ ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಅಷ್ಟು ದಿನ ಸುಮ್ಮನಿದ್ದ ಆಮ್ಲ ಕೆಲವು ವಾರ ಹಿಂದಿಗಿಂತ ಜೋರಾಗಿ ಬರುವುದುಂಟು. ಕಡಿಮೆ ಮಾಡುವುದಿದ್ದರೆ ವೈದ್ಯರನ್ನು ಕೇಳಿ ಹಂತ ಹಂತವಾಗಿ ಮಾಡಿ. ಇನ್ನೊಂದು: ತಿಂಡಿಯಾದ ಮೇಲೆ ನುಂಗಿದರೆ ಇದರ ಶಕ್ತಿ ಒಂದಿಷ್ಟು ವ್ಯರ್ಥವಾಗಬಹುದು. ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಚೀಟಿಯಲ್ಲಿ ಬರೆದಿದ್ದರೂ ನಮ್ಮವರು ‘ಖಾಲಿ ಹೊಟ್ಟೆಗೆ ಮಾತ್ರೆ ಒಳ್ಳೆಯದಲ್ಲ’ ಎಂದು ಎರಡು ಇಡ್ಲಿ ತಿಂದೇ ನುಂಗುತ್ತಾರೆ. ನನ್ನ ತಾಯಿಗೆ ನಾನೇ ಇದನ್ನು ಒಪ್ಪಿಸಲಾಗಲಿಲ್ಲ.

ಇನ್ನು ವಾಂತಿಯ ಬಣ್ಣ. ಹಳದಿ ನೀರು ಕಂಡ ಕೂಡಲೇ ಬೈಲ್ ರಿಫ್ಲಕ್ಸ್ ಎಂದು ತೀರ್ಮಾನಿಸಬೇಡಿ. ಮೂಡಿಗೆರೆಯವರಾದ ನಿಮಗೆ ಚಾರ್ಮಾಡಿ ಘಾಟಿ ಗೊತ್ತಲ್ಲ. ಕೊಟ್ಟಿಗೆಹಾರ ದಾಟಿ ತಿರುವುಗಳು ಶುರುವಾದರೆ ಬಸ್ಸಿನ ಮಕ್ಕಳು ಮೊದಲು ತಿಂಡಿ ಕಕ್ಕುತ್ತವೆ, ಆಮೇಲೆ ಬಿಳಿ ನೊರೆ, ಹೊಟ್ಟೆ ಖಾಲಿಯಾದ ಮೇಲೆ ಹಳದಿ ಕಹಿನೀರು. ಆ ಮಕ್ಕಳಿಗೆ ಯಾವ ರೋಗವೂ ಇಲ್ಲ. ಖಾಲಿ ಜಠರ ಬಲವಾಗಿ ಹಿಂಡಿದರೆ ಯಾರಿಗಾದರೂ ಕರುಳಿನಿಂದ ಪಿತ್ತ ಮೇಲಕ್ಕೆ ಬಂದೇ ಬರುತ್ತದೆ. ನಮ್ಮ ಕಡೆ ತಲೆಶೂಲೆ ಬಂದು ವಾಂತಿಯಾದರೆ ‘ಪಿತ್ತ ಆಗಿದೆ’ ಎನ್ನುತ್ತಾರೆ, ಮೈಮೇಲೆ ದದ್ದು ಎದ್ದರೆ ಅದು ‘ಪಿತ್ತದ ಗಂಧೆ’. ಮೊದಲನೆಯದು ಹೆಚ್ಚಿನ ಸಲ ಮೈಗ್ರೇನ್, ಎರಡನೆಯದು ಅಲರ್ಜಿ. ಎರಡಕ್ಕೂ ಕೆಳಗಿನ ತೂಬಿಗೂ ಸಂಬಂಧವಿಲ್ಲ. ಬೆಳಗಿನ ಬಾಯಿಕಹಿಯೂ ಹಾಗೆಯೇ. ರಾತ್ರಿ ಬಾಯಿ ತೆರೆದು ಮಲಗುವುದು, ಒಸಡಿನ ತೊಂದರೆ, ಕೆಲವು ಮಾತ್ರೆಗಳು – ಎಷ್ಟೋ ಕಾರಣಗಳಿಂದ ಅದು ಬರುತ್ತದೆ. ಬರೀ ರುಚಿ ನೋಡಿ ಹುಳಿಯೋ ಪಿತ್ತವೋ ಎಂದು ಹೇಳಲು ಮೂವತ್ತು ವರ್ಷ ರೋಗಿಗಳನ್ನು ನೋಡಿದ ನನ್ನಿಂದಲೂ ಆಗುವುದಿಲ್ಲ.

ಎಂಡೋಸ್ಕೋಪಿಯ ವರದಿಯನ್ನೂ ತುಸು ತಾಳ್ಮೆಯಿಂದ ಓದಬೇಕು. ಕೊಳವೆ ಗಂಟಲಿಗೆ ಇಳಿಯುವಾಗ ಎಲ್ಲರೂ ಓಕರಿಸುತ್ತಾರೆ. ಆ ಓಕರಿಕೆಗೇ ಒಂದಿಷ್ಟು ಪಿತ್ತ ಜಠರಕ್ಕೆ ಬಂದು ನಿಲ್ಲಬಹುದು. ಜಠರದಲ್ಲಿ ಹಸಿರು ನೀರು ಕಂಡಿತು ಎನ್ನುವುದೊಂದೇ ಸಾಕ್ಷಿಯಾಗದು. ಒಳಪೊರೆ ಕೆಂಪಾಗಿದೆಯೇ, ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ದಾರೆಯೇ, ಅದರಲ್ಲಿ ಏನು ಬಂತು ಎಂದು ನೋಡಬೇಕು. ಅನ್ನನಾಳದಲ್ಲಿ 24 ಗಂಟೆ ಸಣ್ಣ ತಂತಿಯಿಟ್ಟು ಮೇಲೇರುವುದು ಹುಳಿಯೋ ಅಲ್ಲವೋ ಎಂದು ಅಳೆಯುವ ಪರೀಕ್ಷೆಯಿದೆ. ಪಿತ್ತದ ದಾರಿಯನ್ನೇ ಹಿಂಬಾಲಿಸುವ ಹೈಡಾ ಸ್ಕ್ಯಾನ್ ಇದೆ. ಇವು ದೊಡ್ಡ ಆಸ್ಪತ್ರೆಗಳ ಮಾತು, ಎಲ್ಲರಿಗೂ ಬೇಕಾಗುವುದಿಲ್ಲ.

ಈಗ ನಿಮ್ಮ ಪತ್ರದ ಕೊನೆಯ ಸಾಲು. ‘ಅದೇನು ದೊಡ್ಡ ವಿಷಯವಲ್ಲ’ ಎಂದಿದ್ದೀರಿ. ಇಡೀ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಅದೇ! ಮಂಡಿನೋವಿಗೆ ಔಷಧ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆ ಸಾಮಾನ್ಯವಾಗಿ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಅಥವಾ ಐಬುಪ್ರೊಫೇನ್. ಇವು ಜಠರದ ಲೇಪವನ್ನು ತೆಳುವಾಗಿಸುತ್ತವೆ. ಪಿತ್ತದಿಂದ ಹಾನಿಯಾದ ಜಠರದ ಚೂರನ್ನೂ ಈ ಮಾತ್ರೆಗಳಿಂದ ಹಾನಿಯಾದ ಜಠರದ ಚೂರನ್ನೂ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ನೋಡಲು ಒಂದೇ ಥರ ಇರುತ್ತವೆ. ಎಂಡೋಸ್ಕೋಪಿ ಮಾಡಿದವರಿಗೆ ಈ ಮಾತ್ರೆಯ ವಿಷಯ ಹೇಳಿದ್ದಿರಾ? ಹೇಳಿರಲಾರಿರಿ ಎಂದುಕೊಳ್ಳುತ್ತೇನೆ. ನಿಮ್ಮ ಉರಿಯಲ್ಲಿ ಪಿತ್ತದ ಪಾಲೆಷ್ಟು, ಮಂಡಿಮಾತ್ರೆಯ ಪಾಲೆಷ್ಟು ಎಂದು ತಿಳಿಯಬೇಕಾದರೆ ಮೊದಲು ಇದನ್ನು ಬಿಡಬೇಕು. ಮಂಡಿಗೆ ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ, ತೊಡೆಯ ಸ್ನಾಯುವಿಗೆ ವ್ಯಾಯಾಮ ಸಾಕಾಗುತ್ತದೆಯೇ ನೋಡಿ. ಮಂಡಿಮಾತ್ರೆಯನ್ನು ಬಿಡದೆ ಪ್ಯಾಂಟೊಪ್ರಜೋಲನ್ನು ಮಾತ್ರ ಬಿಟ್ಟರೆ ಹುಣ್ಣಿಗೆ ನೀವೇ ಬಾಗಿಲು ತೆರೆದಂತೆ.

ಇಷ್ಟಾದ ಮೇಲೂ ಉರಿ ನಿಲ್ಲದಿದ್ದರೆ ಜೀರ್ಣಾಂಗ ತಜ್ಞರನ್ನು ಕಾಣಿ, ವರದಿಯ ಜೊತೆ ಈ ಎಲ್ಲ ವಿವರಗಳನ್ನೂ ಒಯ್ಯಿರಿ. ಪಿತ್ತ ಹಿಂದಕ್ಕೆ ಬರುವುದಕ್ಕೆ ಆಮ್ಲದ ಮಾತ್ರೆಯಷ್ಟು ಖಚಿತವಾದ ಮದ್ದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಜಠರದ ಗಾಯದ ಮೇಲೆ ಲೇಪದಂತೆ ಕೂರುವ ಸುಕ್ರಾಲ್ಫೇಟ್ ಕೊಡುತ್ತಾರೆ. ಜಠರ ಬೇಗ ಖಾಲಿಯಾಗಲು ಡೊಂಪೆರಿಡೋನ್‌ನಂಥ ಮಾತ್ರೆ ಕೊಡಬಹುದು. ಹೃದಯದ ತೊಂದರೆ ಇದ್ದವರು ಇದನ್ನು ಕೇಳದೆ ನುಂಗಬಾರದು. ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಎನ್ನುವ ಇನ್ನೊಂದು ಮಾತ್ರೆ ಪಿತ್ತದ ಉಗ್ರತೆಯನ್ನು ತಗ್ಗಿಸುತ್ತದೆ. ‘ಅರ್ಸಸ್’ ಎಂದರೆ ಲ್ಯಾಟಿನ್‌ನಲ್ಲಿ ಕರಡಿ, ಕರಡಿಯ ಪಿತ್ತದಲ್ಲಿ ಕಂಡ ವಸ್ತುವಾದ್ದರಿಂದ ಈ ಹೆಸರು. ಹೆದರಬೇಡಿ, ಈಗಿನದು ಕಾರ್ಖಾನೆಯಲ್ಲಿ ತಯಾರಾದದ್ದು. ಪಿತ್ತವನ್ನು ಜಠರದಿಂದ ದೂರಕ್ಕೆ ತಿರುಗಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅದು ಹೆಚ್ಚಾಗಿ ಹಿಂದೆ ಜಠರದ ಆಪರೇಷನ್ ಆಗಿ ಕೆಳಗಿನ ತೂಬನ್ನೇ ಕಳೆದುಕೊಂಡವರಿಗೆ, ನಿಮಗೆ ಅಲ್ಲ. ಸಕ್ಕರೆ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು? ಹಳೆಯ ಮಧುಮೇಹದಲ್ಲಿ ಜಠರ ಮಂದವಾಗಿ ಈ ಎರಡೂ ಬಗೆಯ ರಿಫ್ಲಕ್ಸ್ ಹೆಚ್ಚುತ್ತವೆ.

ಮನೆಯಲ್ಲಿ ಮಾಡುವುದು ಹೆಚ್ಚೇನಿಲ್ಲ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು ಅರ್ಧ ಅಡಿ ಎತ್ತರಿಸಿ. ಎರಡು ದಿಂಬು ಹಾಕಿದರೆ ಕತ್ತು ಮಾತ್ರ ಬಾಗುತ್ತದೆ, ಪ್ರಯೋಜನವಿಲ್ಲ. ರಾತ್ರಿಯೂಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ. ಹಬ್ಬದ ದಿನದ ಹಂದಿ ಸಾರು, ಕಡುಬು ಬೇಡವೆನ್ನುವುದಿಲ್ಲ, ಮಧ್ಯಾಹ್ನವೇ ಉಣ್ಣಿ, ಅರ್ಧ ಹೊಟ್ಟೆ ಉಣ್ಣಿ. ಕಣದ ಕೆಲಸವನ್ನು ಉಂಡ ಕೂಡಲೇ ಇಟ್ಟುಕೊಳ್ಳಬೇಡಿ. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುವ ಅಭ್ಯಾಸವಿದ್ದರೆ ಅದು ಮೇಲಿನ ತೂಬನ್ನು ಸಡಿಲಿಸುತ್ತದೆ. ಜೀರಿಗೆ-ಕೊತ್ತಂಬರಿ ಕಷಾಯ ಕುಡಿದರೆ ಹಿತವೆನಿಸಿದರೆ ಕುಡಿಯಿರಿ. ಪಿತ್ತಕ್ಕೆಂದು ಮುರುಗಲ ಹುಳಿಯ ಶರಬತ್ತು ಕುಡಿಯುವವರಿದ್ದಾರೆ, ಎದೆಯುರಿ ಇರುವಾಗ ಮಾತ್ರ ಅದು ಬೇಡ.

ಕಾಫಿಯ ವಿಷಯ ನೀವು ಕೇಳಿಲ್ಲ. ಜಾಣತನದಿಂದಲೇ ಬಿಟ್ಟಿರಬೇಕು. ಚಿಕ್ಕಮಗಳೂರಿನಲ್ಲಿ ಕುಳಿತು ಕಾಫಿ ಬಿಡಿ ಎಂದು ಬರೆದರೆ ನನ್ನ ಕ್ಲಿನಿಕ್ಕಿಗೆ ನೊಣವೂ ಬಾರದು. ನನಗೂ ಹುಳಿತೇಗಿನ ಕಾಟವಿದೆ. ದಿನಕ್ಕೆ ಐದು ಲೋಟ ಕುಡಿಯುತ್ತಿದ್ದವಳು ಎರಡಕ್ಕೆ ಇಳಿದಿದ್ದೇನೆ, ಸಂಜೆ ಆರರ ಲೋಟವನ್ನು ಬಿಡಲು ಒಂದು ವರ್ಷ ಹಿಡಿಯಿತು. ಕಾಫಿ ಎಲ್ಲರಿಗೂ ಎದೆಯುರಿ ತರುವುದಿಲ್ಲ. ಹದಿನೈದು ದಿನ ಬಿಟ್ಟು ನೋಡಿ, ವ್ಯತ್ಯಾಸ ಕಾಣದಿದ್ದರೆ ಮತ್ತೆ ಶುರು ಮಾಡಿ, ನನ್ನ ಹೆಸರು ಹೇಳಿ.

ಕೆಲವು ಲಕ್ಷಣಗಳು ಕಂಡರೆ ಕಾಯಬಾರದು. ಕಣ್ಣು ಹಳದಿಯಾಗುವುದು, ಚಳಿಜ್ವರ, ಬಲಪಕ್ಕೆಯಲ್ಲಿ ತಡೆಯಲಾರದ ನೋವು ಬಂದರೆ ಪಿತ್ತನಾಳದಲ್ಲಿ ಕಲ್ಲು ಉಳಿದಿರಬಹುದು. ಕೋಶ ತೆಗೆದ ಮೇಲೂ ಹೀಗಾಗುವುದುಂಟು. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಅನ್ನ ಗಂಟಲಲ್ಲಿ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಆವತ್ತೇ ಹೊರಡಿ, ಕೊಯ್ಲು ಮುಗಿಯಲಿ ಎನ್ನಬೇಡಿ.

ಪ್ರಶ್ನೆ: ಎದೆಯುರಿ ಬಂದಾಗ ಒಂದು ಸೋಡಾ ಕುಡಿದು ದೊಡ್ಡ ತೇಗು ಬಂದರೆ ನನಗೆ ಸರಿಹೋಗುತ್ತದೆ. ಅಂದರೆ ಅದು ಗ್ಯಾಸ್ಟ್ರಿಕ್ ಎಂದೇ ಖಾತ್ರಿ ತಾನೇ? ವಯಸ್ಸು 44, ಸಿಗರೇಟು ಇದೆ.

– ಹಾಸನದ ಓದುಗ

ಉತ್ತರ: ಖಾತ್ರಿ ಅಲ್ಲ. ಹೃದಯದ ನೋವು ಕೂಡ ತಾನಾಗಿಯೇ ತಗ್ಗುವುದುಂಟು, ಆಗ ಹೆಸರು ಸೋಡಾಕ್ಕೆ ಬರುತ್ತದೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಬಂದು ನಿಂತರೆ ಹೋಗುವ ಉರಿ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು – ಇವು ಜಠರದ ಲಕ್ಷಣಗಳಲ್ಲ. ಒಂದು ಇಸಿಜಿ ಮಾಡಿಸಲು ಹತ್ತು ನಿಮಿಷ ಸಾಕು. ಉರಿ ಇರುವಾಗಲೇ ಮಾಡಿಸಿ, ಅದು ಸರಿಯಿದ್ದರೂ ವೈದ್ಯರಿಗೆ ಸಿಗರೇಟಿನ ವಿಷಯ ಮುಚ್ಚಿಡಬೇಡಿ. ಆಮ್ಲ, ಪಿತ್ತಗಳ ಚರ್ಚೆಯನ್ನು ಆಮೇಲೆ ಮಾಡೋಣ.

ಪ್ರಶ್ನೆ: ನಮ್ಮಜ್ಜಿ ನಾನು ಸಿಟ್ಟು ಮಾಡಿದಾಗಲೆಲ್ಲ ‘ಪಿತ್ತ ನೆತ್ತಿಗೇರಿತು’ ಎನ್ನುತ್ತಿದ್ದರು. ಕೋಪಕ್ಕೂ ಪಿತ್ತಕ್ಕೂ ನಿಜವಾಗಿ ಸಂಬಂಧ ಇದೆಯೇ, ಅಥವಾ ಬರೀ ಮಾತೇ?

– ಅರಸೀಕೆರೆಯಿಂದ ಒಬ್ಬ ಶಿಕ್ಷಕಿ

ಉತ್ತರ: ನೆತ್ತಿಗೆ ಏರುವುದಿಲ್ಲ. ಜಠರದವರೆಗೆ ಏರಿದ್ದನ್ನು ಕಣ್ಣಾರೆ ಕಂಡವರೊಬ್ಬರಿದ್ದಾರೆ.

1822ರ ಜೂನ್‌ನಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಬಂದೂಕಿನ ಗುಂಡು ತಗುಲಿತು. ತುಪ್ಪುಳದ ವ್ಯಾಪಾರದ ಕಂಪನಿಯಲ್ಲಿ ಕೂಲಿ ಮಾಡುತ್ತಿದ್ದವನು. ಸೇನೆಯ ವೈದ್ಯ ವಿಲಿಯಂ ಬ್ಯೂಮಾಂಟ್ ಅವನನ್ನು ಬದುಕಿಸಿದರು, ಆದರೆ ಜಠರಕ್ಕೆ ಬಿದ್ದ ತೂತು ಮುಚ್ಚಲೇ ಇಲ್ಲ. ಹೊರಗಿನಿಂದ ಜಠರದೊಳಕ್ಕೆ ನೋಡಬಹುದಾದ ಕಿಟಕಿ! ಬ್ಯೂಮಾಂಟ್ ಮಾಂಸದ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಲ್ಲಿ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡುತ್ತಿದ್ದರು. ಜಠರದಲ್ಲಿ ಹುಳಿ ಹೇಗೆ ಒಸರುತ್ತದೆ, ಆಹಾರ ಹೇಗೆ ಕರಗುತ್ತದೆ ಎಂದು ಜಗತ್ತು ಕಲಿತದ್ದರಲ್ಲಿ ದೊಡ್ಡ ಪಾಲು ಈ ಕಿಟಕಿಯಿಂದ. ಸಾಮಾನ್ಯವಾಗಿ ಜಠರದಲ್ಲಿ ಪಿತ್ತ ಕಾಣುವುದಿಲ್ಲ ಎಂದು ಅವರು ಬರೆದಿಟ್ಟರು. ಕಂಡದ್ದು ಎರಡು ಸಂದರ್ಭಗಳಲ್ಲಿ: ಬಹಳ ದಿನ ಜಿಡ್ಡಿನ ಊಟ ಮಾಡಿದಾಗ, ಮತ್ತು ಅಲೆಕ್ಸಿಸ್‌ಗೆ ವಿಪರೀತ ಸಿಟ್ಟು ಬಂದಾಗ.

ಒಬ್ಬನೇ ಮನುಷ್ಯನಲ್ಲಿ ಕಂಡದ್ದು, ಆದ್ದರಿಂದ ಸಿಟ್ಟಿನವರಿಗೆಲ್ಲ ಬೈಲ್ ರಿಫ್ಲಕ್ಸ್ ಇದೆ ಎಂದು ತರಗತಿಯಲ್ಲಿ ಹೇಳಿಬಿಡಬೇಡಿ. ಅಲೆಕ್ಸಿಸ್‌ಗೆ ಸಿಟ್ಟು ಬಂದದ್ದರಲ್ಲಿ ಮಾತ್ರ ಆಶ್ಚರ್ಯವೇನಿಲ್ಲ. ಹೊಟ್ಟೆಯಲ್ಲಿ ದಾರ ನೇತಾಡುತ್ತಿದ್ದರೆ ನಿಮ್ಮಜ್ಜಿ ಸುಮ್ಮನಿರುತ್ತಿದ್ದರೇ? 1825ರಲ್ಲಿ ಅವನು ಹೇಳದೆ ಕೇಳದೆ ಕೆನಡಾದ ತನ್ನ ಊರಿಗೆ ಹೊರಟುಹೋದ. ಬ್ಯೂಮಾಂಟ್ ನಾಲ್ಕು ವರ್ಷದ ಮೇಲೆ ಅವನನ್ನು ಮತ್ತೆ ಕರೆಸಿಕೊಂಡು ದಾರ ಇಳಿಬಿಟ್ಟರು. ವೈದ್ಯರು ತೀರಿಕೊಂಡದ್ದು 1853ರಲ್ಲಿ. ಹೊಟ್ಟೆಯ ತೂತನ್ನು ಇಟ್ಟುಕೊಂಡೇ ಅಲೆಕ್ಸಿಸ್ 1880ರವರೆಗೆ ಬದುಕಿದ.